ಇನ್ನೂರ ಹದಿನಾಲ್ಕನೇ ಬಿಲ್ಲೆ

ಎಸ್ತೆಬೆಸ್ ತೀರಿಕೊಂಡ ಸುದ್ದಿಯನ್ನ ಅವನಿಗೆ ಮೊದಲು ಹೇಳಿದ್ದು ರೊಟ್ಟಿ ಅಂಗಡಿಯ ಕಾಲಿಚಾ.

"ಅಣ್ಣ, ಗುರುವಾರ ಗಣಿ ಬಾಯಿಗೆ ಕಾಂಕ್ರೀಟ್ ಹಾಕೋದು ಖಾತ್ರಿಯಂತೆ. ಶುಕ್ರವಾರ ನಿಮ್ಮ ಸಾವಿನೂಟ. ಬುರುಲ್ಚಾ ಅಕ್ಕ ಆಗಲೇ ಕುದುರೆ ನೋಡಿ ಬಂದಾಯ್ತು" ಅಂದಳು, ರೊಟ್ಟಿ ಜೋಡಿಸ್ತಾ.

"ಯಾವ ಕುದುರೆ?"

"ಕೆಂದು ಬಣ್ಣದ್ದು. ಹೆಣ್ಣು. ಒಳ್ಳೆ ಕೊಬ್ಬಿದೆ."

ಎಸ್ತೆಬೆಸ್ ಚೀಲದ ಬಾಯಿ ಬಿಚ್ಚಿದ. "ನನಗೆ ಅಷ್ಟು ದೊಡ್ಡದು ಬೇಕಾಗಿರಲಿಲ್ಲ. ಒಂದು ಕುರಿ ಸಾಕಿತ್ತು."

"ಸತ್ತೋರನ್ನ ಕೇಳಿ ಅಡುಗೆ ಮಾಡ್ತಾರಾ? ಎಳ್ಳು ಹಾಕಿದ ರೊಟ್ಟಿ ಬೇಕಾ, ಹಾಕದೇ ಇದ್ದದ್ದಾ?"

"ಹಾಕಿದ್ದು" ಅಂದ ಎಸ್ತೆಬೆಸ್.

ಕೊಮುರ್-ಸಾಯ್‌ನಲ್ಲಿ ಈ ಸುದ್ದಿಗೆ ಯಾರೂ ಬೆಚ್ಚಿಬೀಳಲಿಲ್ಲ. ಎಸ್ತೆಬೆಸ್ ಗಣಿಯೊಳಗೇ ಉಳಿದಿದಾನೆ ಅನ್ನೋದು ಊರಿಗೆಲ್ಲ ಗೊತ್ತಿತ್ತು. ಅವನು ದಿನಾ ಬೆಳಿಗ್ಗೆ ರೊಟ್ಟಿಗೆ ಬರ್ತಾನೆ ಅನ್ನೋದೂ ಗೊತ್ತಿತ್ತು. ಈ ಎರಡೂ ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಅತ್ತೆ ಸೊಸೆ ಇದ್ದ ಹಾಗೆ ಇದ್ದವು. ಮಾತಿಲ್ಲ, ಜಗಳವೂ ಇಲ್ಲ.

ಗಣಿ ನಡೀತಿದ್ದ ಕಾಲ ಒಂದಿತ್ತು. ಆ ಕಾಲದ ಕಲ್ಲಿದ್ದಲು ಹೇಗಿತ್ತು ಅಂದ್ರೆ, ಅದಕ್ಕೆ ಬೆಂಕಿಪೊಟ್ಟಣ ತೋರಿಸಿದ್ರೆ ಸಾಕಿತ್ತು, ಕಡ್ಡಿ ಗೀರೋ ಅಗತ್ಯ ಇರಲಿಲ್ಲ ಅಂತ ಹಳಬರು ಹೇಳ್ತಾರೆ. ಗಣಿಯವರ ಸ್ನಾನದ ಮನೆಯಲ್ಲಿ ಹಬೆ ಎಷ್ಟು ದಟ್ಟ ಅಂದ್ರೆ, ಸೋಮವಾರ ಒಳಗೆ ಹೋದ ಒಬ್ಬ ಗುಮಾಸ್ತ ಬುಧವಾರ ಸಿಕ್ಕ, ತುಂಬಾ ಬೆಳ್ಳಗಾಗಿದ್ದ. ಇದನ್ನ ನಂಬದೇ ಇರೋರೂ ಇದಾರೆ, ಆದ್ರೆ ಅವರು ಆಮೇಲೆ ಬಂದು ಸೇರಿದೋರು. ಗಣಿ ನಿಂತ ಮೇಲೆ ಕೆಲಸಕ್ಕೆ ಬಂದು ನೆಲೆಸಿದ್ದ ಜರ್ಮನರು ಹೋದ್ರು, ಉಕ್ರೇನಿನವರು ಹೋದ್ರು, ಹೋಗೋವಾಗ ಕಿಟಕಿ ಬಾಗಿಲೂ ಕಿತ್ಕೊಂಡು ಹೋದ್ರು. ಸಿನಿಮಾ ಹಾಲಿನಲ್ಲಿ ಈಗ ಕುರಿ ಕಟ್ತಾರೆ. ಕುರಿಗಳು ಅಭ್ಯಾಸಬಲವೋ ಏನೋ, ಪರದೆ ಇದ್ದ ಕಡೆಗೇ ಮುಖ ಮಾಡಿ ಮಲಗ್ತವೆ.

ಗಣಿಗೆ ಇಳಿಯೋರಿಗೆ ದೀಪ ಕೊಡ್ತಿದ್ದ ದೀಪದ ಕೋಣೆ ಮಾತ್ರ ಹಾಗೇ ಉಳಿಯಿತು, ಯಾಕಂದ್ರೆ ಅದರಲ್ಲಿ ಬುರುಲ್ಚಾ ಕೂತಿದ್ದಳು.

ದೀಪದ ಕೋಣೆಯ ಪದ್ಧತಿ ಹೀಗೆ. ಗೋಡೆಗೆ ಒಂದು ಹಲಗೆ, ಹಲಗೆ ತುಂಬ ಮೊಳೆ, ಒಂದೊಂದು ಮೊಳೆಗೆ ಒಂದೊಂದು ಹಿತ್ತಾಳೆ ಬಿಲ್ಲೆ, ಬಿಲ್ಲೆ ಮೇಲೆ ನಂಬರು. ಗಣಿಗೆ ಇಳಿಯೋನು ತನ್ನ ಬಿಲ್ಲೆ ತಗೊಂಡು ಸೊಂಟಕ್ಕೆ ಕಟ್ಕೊಂಡು ಇಳೀಬೇಕು. ಮೇಲೆ ಬಂದ ತಕ್ಷಣ ಬುರುಲ್ಚಾ ಕೈಗೆ ಕೊಡಬೇಕು. ಮೊಳೆ ಖಾಲಿ ಇದ್ರೆ ಮನುಷ್ಯ ಒಳಗಿದಾನೆ ಅಂತ ಅರ್ಥ. ಒಳಗೆ ಒಬ್ಬ ಇರೋ ತನಕ ದೀಪದ ಕೋಣೆಯವಳು ಬಾಗಿಲು ಹಾಕೋ ಹಾಗಿಲ್ಲ, ದೀಪ ಆರಿಸೋ ಹಾಗಿಲ್ಲ.

ಗಣಿಯ ಕಡೇ ದಿನ ಬೆಳಿಗ್ಗೆ ಎಸ್ತೆಬೆಸ್ ತನ್ನ ಇನ್ನೂರ ಹದಿನಾಲ್ಕನೇ ಬಿಲ್ಲೆ ತಗೋತಾ, "ಬುರುಲ್ಚಾ, ಪಾಳಿ ಮುಗಿದ ಮೇಲೆ ನಿನಗೆ ಒಂದು ಮಾತು ಹೇಳಬೇಕು" ಅಂದಿದ್ದ.

"ಮೊದಲು ಬಿಲ್ಲೆ ಕೊಡು, ಆಮೇಲೆ ಹೇಳು" ಅಂದಿದ್ದಳು ಅವಳು. ಕಿವಿ ಸ್ವಲ್ಪ ಕೆಂಪಾಗಿತ್ತು. ಆ ಕಿವಿಯನ್ನ ಅವನು ಇವತ್ತಿಗೂ ಮರೆತಿಲ್ಲ.

ಬರಿಗೈಲಿ ಹೇಳೋ ಮಾತಲ್ಲ ಅದು ಅಂತ ಅವನಿಗೆ ಅನ್ನಿಸ್ತು. ಅವತ್ತೇ ಗುಡ್ಡದ ಆಚೆ ಬಯಲಿನಲ್ಲಿ ಕೋಕ್-ಬೋರು ಇತ್ತು, ಕುದುರೆ ಮೇಲೆ ಕೂತು ತಲೆ ಕಡಿದ ಮೇಕೆಯನ್ನ ಕಿತ್ತಾಡೋ ಆಟ. ಗೆದ್ದೋರಿಗೆ ಕಂಬಳಿ. ಎಸ್ತೆಬೆಸ್ ನಡು ಪಾಳಿಯಲ್ಲಿ ಹಳೇ ಗಾಳಿ ಸುರಂಗದಲ್ಲಿ ತೆವಳಿ ಗುಡ್ಡದ ಆಚೆ ಹೊರಗೆ ಬಿದ್ದ, ಕುದುರೆ ಸಾಲ ತಗೊಂಡ, ಆಡಿದ, ಸೋತ. ವಾಪಸ್ಸು ಬರೋವಾಗ ಸೊಂಟ ಮುಟ್ಟಿ ನೋಡಿದ್ರೆ ದಾರ ಇತ್ತು, ಬಿಲ್ಲೆ ಇರಲಿಲ್ಲ.

"ಬಂದೆ" ಅಂದ ದೀಪದ ಕೋಣೆ ಮುಂದೆ ನಿಂತು.

"ಬಿಲ್ಲೆ?"

"ಕಳೆದುಹೋಯ್ತು."

"ಹಾಗಾದ್ರೆ ನೀನು ಒಳಗಿದೀಯ" ಅಂದಳು ಬುರುಲ್ಚಾ, ಅವನ ಮೇಲಿಂದ ಕಣ್ಣು ತೆಗೆದು ಗಣಿ ಬಾಯಿ ಕಡೆ ನೋಡೋಕೆ ಶುರು ಮಾಡಿದಳು.

ಅವತ್ತಿಂದ ಅವಳು ಅವನನ್ನ ನೋಡಿಲ್ಲ. ದಾರೀಲಿ ಎದುರು ಸಿಕ್ಕರೆ ಕಂಬ ಬಂತು ಅನ್ನೋ ಹಾಗೆ ಪಕ್ಕಕ್ಕೆ ಸರೀತಾಳೆ. ಮದುವೆ ಮನೆಯಲ್ಲಿ ಊಟ ಬಡಿಸೋವಾಗ ಅವನ ಬಟ್ಟಲು ದಾಟಿ ಮುಂದಿನವನಿಗೆ ಹಾಕ್ತಾಳೆ. ದೀಪದ ಕೋಣೆ ಕಿಟಕಿಯಲ್ಲಿ ಒಂದು ಗಣಿ ದೀಪ ಹಗಲೂ ರಾತ್ರಿ ಉರೀತಾನೇ ಇತ್ತು. ಸಂಬಳ ನಿಂತಿತು, ದೀಪ ನಿಲ್ಲಲಿಲ್ಲ. ಅವಳನ್ನ ಕೇಳಿಕೊಂಡು ಬಂದ ಗಂಡುಗಳಿಗೆಲ್ಲ "ನಾನು ಡ್ಯೂಟಿ ಮೇಲಿದೀನಿ" ಅಂದಳು. ಎಸ್ತೆಬೆಸ್‌ಗೂ ಯಾರೂ ಹೆಣ್ಣು ಕೊಡಲಿಲ್ಲ. ನೆಲದ ಕೆಳಗಿರೋ ಅಳಿಯ ಯಾರಿಗೆ ಬೇಕು?

ಅವನೇನು ಸುಮ್ಮನೆ ಕೂತಿರಲಿಲ್ಲ. ಒಮ್ಮೆ ಕಮ್ಮಾರನ ಹತ್ರ ಅದೇ ನಂಬರಿನ ಹೊಸ ಬಿಲ್ಲೆ ಹೊಡೆಸಿ ಕಿಟಕಿಯಲ್ಲಿಟ್ಟ. ಬುರುಲ್ಚಾ ಅದನ್ನ ಮೂಸಿ ನೋಡಿ, "ಇದು ಗಣಿಗೆ ಇಳಿದದ್ದೇ ಅಲ್ಲ" ಅಂತ ಕೋಳಿಗೂಡಿನ ಬಾಗಿಲಿಗೆ ಅಗುಳಿ ಮಾಡಿಕೊಂಡಳು. ಹಿಮ ಕರಗಿದಾಗಲೆಲ್ಲ ಅವನು ಗುಡ್ಡ ದಾಟಿ ಹೋಗಿ ಆ ಬಯಲನ್ನ ಅಯಸ್ಕಾಂತ ಎಳ್ಕೊಂಡು ಹುಡುಕುತ್ತಿದ್ದ. ಅಯಸ್ಕಾಂತಕ್ಕೆ ಹಿತ್ತಾಳೆ ಅಂಟಲ್ಲ ಅಂತ ಗೊತ್ತಾಗೋ ಹೊತ್ತಿಗೆ ಅವನ ಹತ್ರ ಎರಡು ಮೂಟೆ ಲಾಳ ಸೇರಿತ್ತು.

ಕಾಲಿಚಾ ಸುದ್ದಿ ಹೇಳೋಕೆ ಎರಡು ದಿನ ಮುಂಚೆ ಜಿಲ್ಲೆಯಿಂದ ಇಬ್ಬರು ಬಂದಿದ್ರು, ಅಳತೆ ಟೇಪು ಹಿಡಿಯೋನು ಒಬ್ಬ, ಅವನು ಹಿಡಿಯೋದನ್ನ ನೋಡೋನು ಒಬ್ಬ. ಕುರಿ ಬೀಳ್ತವೆ, ಗಣಿ ಬಾಯಿ ಮುಚ್ಚಬೇಕು ಅಂದ್ರು.

"ಆಗಲ್ಲ" ಅಂದಳು ಬುರುಲ್ಚಾ. "ಒಳಗೆ ಮನುಷ್ಯ ಇದಾನೆ."

ಇಬ್ಬರೂ ಬಿಳಿಚಿಕೊಂಡ್ರು. "ಯಾರು?"

"ಎಸ್ತೆಬೆಸ್."

ಅವರಿಗೆ ಚಹಾ ತಂದಿದ್ದ ಎಸ್ತೆಬೆಸ್, "ಅದು ನಾನೇ" ಅಂದ.

ಟೇಪಿನವನು ಅವನನ್ನ ನೋಡಿ ಅವಳನ್ನ ನೋಡಿದ. "ಅಮ್ಮ, ಇವರು ಇಲ್ಲೇ ನಿಂತಿದಾರಲ್ಲ."

"ಯಾರು?" ಅಂದಳು. ಆಮೇಲೆ ಹಲಗೆ ಮೇಲಿನ ಖಾಲಿ ಮೊಳೆ ತೋರಿಸಿದಳು.

ಆಫೀಸಿನವರಾದ್ದರಿಂದ ಅವರಿಗೆ ತಕ್ಷಣ ಅರ್ಥ ಆಯ್ತು. ಬರೀ ಮನುಷ್ಯ ಎದುರಿಗೆ ಬಂದು ನಿಂತರೆ ಏನೂ ಸಾಬೀತಾಗಲ್ಲ, ಇದನ್ನ ಅವರೂ ದಿನಾ ಜನಕ್ಕೆ ಹೇಳ್ತಿದ್ರು. "ಗುರುವಾರದ ತನಕ ನೋಡ್ತೀವಿ" ಅಂದ ಟೇಪಿನವನು. "ಅಷ್ಟರಲ್ಲಿ ಮೇಲೆ ಬರದಿದ್ರೆ ಸತ್ತ ಅಂತ ತಿಳ್ಕೋಬೇಕಾಗುತ್ತೆ." ಹೋಗೋವಾಗ ಎಸ್ತೆಬೆಸ್ ಕೈ ಕುಲುಕಿ, "ಧೈರ್ಯವಾಗಿರಿ" ಅಂದ.

ಗುರುವಾರ ಕಾಂಕ್ರೀಟ್ ಲಾರಿ ಬಂತು. ಬುರುಲ್ಚಾ ಗಣಿ ಬಾಯಿ ಪೂರ್ತಿ ತುಂಬೋ ತನಕ ನಿಂತು ನೋಡಿದಳು. ಆಮೇಲೆ ದೀಪದ ಕೋಣೆಗೆ ಹೋಗಿ ದೀಪ ಆರಿಸಿದಳು.

ಎಸ್ತೆಬೆಸ್ ತನ್ನ ಮನೆ ಮೆಟ್ಟಿಲ ಮೇಲೆ ಕೂತು ಆ ಕಿಟಕಿ ನೋಡ್ತಿದ್ದ. ಸತ್ತದ್ದಕ್ಕೆ ಅವನಿಗೆ ಅಷ್ಟು ಬೇಜಾರಾಗಿರಲಿಲ್ಲ. ದೀಪ ಆರಿದ್ದಕ್ಕೆ ಆಯ್ತು ಬೇಜಾರು. ಇನ್ನು ಆ ಮಾತು ಕೇಳೋಕೆ ಯಾರೂ ಕಾಯ್ತಿರಲ್ಲ. ಹೇಳಬೇಕಾದೋನಂತೂ ಸತ್ತೇ ಹೋಗಿದಾನೆ.

ಶುಕ್ರವಾರ ದೀಪದ ಕೋಣೆ ಮುಂದೆ ಉಣ್ಣೆ ಡೇರೆ ಎದ್ದಿತು. ಪದ್ಧತಿ ಪ್ರಕಾರ ಸತ್ತವನ ಅಣ್ಣತಮ್ಮಂದಿರು ನಡುಪಟ್ಟಿ ಕಟ್ಕೊಂಡು, ಕೋಲೂರಿ ಡೇರೆ ಹೊರಗೆ ನಿಂತು ಅಳಬೇಕು. ಎಸ್ತೆಬೆಸ್‌ಗೆ ಅಣ್ಣತಮ್ಮಂದಿರು ಇರಲಿಲ್ಲ.

"ಯಾರೂ ನಿಲ್ಲದಿದ್ರೆ ಊರಿಗೇ ಅವಮಾನ" ಅಂದ ಮುಲ್ಲಾ. "ನೀನೇ ನಿಂತ್ಕೋ. ಹತ್ತಿರದವನು ಅಂದ್ರೆ ನೀನೇ."

ಎಸ್ತೆಬೆಸ್ ನಡುಪಟ್ಟಿ ಕಟ್ಟಿಕೊಂಡು ಕೋಲೂರಿ ನಿಂತ. ಮೊದಮೊದಲು ಸಂಕೋಚ ಆಯ್ತು. ಆದ್ರೆ ಬಂದೋರೆಲ್ಲ ದೂರದಿಂದಲೇ "ಅಯ್ಯೋ ತಮ್ಮಾ" ಅಂತ ಅಳ್ತಾ ಬಂದು ಅವನನ್ನ ಅಪ್ಪಿಕೊಂಡು, "ಒಳ್ಳೆಯವನಾಗಿದ್ದ" ಅಂತಿದ್ರು. ಬದುಕಿದ್ದಾಗ ಹೀಗೆ ಯಾರೂ ಅಂದಿರಲಿಲ್ಲ. ಅವನೂ ನಿಜವಾಗಿ ಅಳೋಕೆ ಶುರು ಮಾಡಿದ.

ಗುಡ್ಡದ ಆಚೆಯಿಂದಲೂ ಜನ ಬಂದ್ರು. ಅದರಲ್ಲಿ ಕುಬಾನ್ ಅಂತ ಒಬ್ಬ ಮುದುಕ, ಬೆಟ್ಟದಂಥ ಆಳು, ಮುಂದಿನ ಹಲ್ಲು ಒಂದು ಇರಲಿಲ್ಲ. ಊಟಕ್ಕೆ ಮುಂಚೆ ಎಸ್ತೆಬೆಸ್ ಚೆಂಬು ಹಿಡಿದು ಅವನ ಕೈಗೆ ನೀರು ಹಾಕ್ತಾ, "ಅಣ್ಣ, ಮಾಂಸ ಮೆತ್ತಗೆ ಬೆಂದಿದೆ. ನಿಮ್ಮ ಹಲ್ಲಿಗೆ ತೊಂದರೆ ಆಗಲ್ಲ" ಅಂದ.

"ಮಾಂಸದ ಸುದ್ದಿ ಬೇಡ" ಅಂದ ಕುಬಾನ್. "ಈ ಹಲ್ಲು ಹೋಗಿದ್ದೇ ಮಾಂಸದಿಂದ. ಒಂದ್ಸಲ ಕೋಕ್-ಬೋರು ಗೆದ್ದೆ. ಗೆದ್ದ ಮೇಕೆ ಬೇಯಿಸಿ ಮನೆಮಂದಿಯೆಲ್ಲ ಉಣ್ಣೋಕೆ ಕೂತ್ವಿ. ಮೊದಲ ತುತ್ತಿಗೇ ಕಟಕ್ ಅಂತು. ಯಾವನೋ ಮೇಕೆಯೊಳಗೆ ಹಿತ್ತಾಳೆ ತುರುಕಿದ್ದ."

ಎಸ್ತೆಬೆಸ್ ನೀರು ಹಾಕ್ತಾನೇ ಇದ್ದ. ಕುಬಾನ್‌ನ ತೋಳು ಮೊಣಕೈ ತನಕ ನೆನೀತು.

"ಆ ಹಿತ್ತಾಳೆ ಈಗ ಎಲ್ಲಿದೆ?"

"ಇಲ್ಲೇ." ಕುಬಾನ್ ಕೊರಳಿನ ದಾರ ಎಳೆದು ತೋರಿಸಿದ. "ಇದು ಯಾರದ್ದು ಅಂತ ಗೊತ್ತಾದ ದಿನ ಅವನ ಹಲ್ಲೂ ಒಂದು ಉದುರಿಸಿ ಆಮೇಲೆ ಇದನ್ನ ಅವನಿಗೇ ಕೊಡ್ತೀನಿ ಅಂತ ಆಣೆ ಇಟ್ಟಿದೀನಿ."

ಇನ್ನೂರ ಹದಿನಾಲ್ಕು. ಅಂಚು ಸ್ವಲ್ಪ ಕಚ್ಚಿದ ಹಾಗಿತ್ತು.

"ನನ್ನದು" ಅಂದ ಎಸ್ತೆಬೆಸ್. "ಹೊಡೀರಿ."

ಕುಬಾನ್ ಮುಷ್ಟಿ ಬಿಗಿ ಮಾಡಿ ಎತ್ತಿದ, ಆಮೇಲೆ ನಿಧಾನಕ್ಕೆ ಇಳಿಸಿದ. "ನಿನ್ನ ಹೆಸರೇನು?"

"ಎಸ್ತೆಬೆಸ್."

"ಸತ್ತವನ ಹೆಸರೂ ಅದೇ ಅಲ್ವಾ?"

"ಅದು ನಾನೇ."

ಕುಬಾನ್ ಮುಲ್ಲಾನ ಕಡೆ ತಿರುಗಿದ. ಮುಲ್ಲಾ ತಲೆ ಅಲ್ಲಾಡಿಸಿದ. "ಸತ್ತವನ ಮೇಲೆ ಕೈ ಮಾಡೋದು ಪಾಪ. ಅದೂ ಅವನ ಊಟದ ದಿನ."

"ನೋಡಿದ್ಯಾ" ಅಂದ ಕುಬಾನ್. "ಹೊಡೆಯದೆ ಕೊಡೋ ಹಾಗಿಲ್ಲ. ಸತ್ತಿದೀಯ, ಹೊಡಿಯೋ ಹಾಗಿಲ್ಲ."

"ಅದನ್ನ ಕೊಟ್ರೆ ಬದುಕ್ತೀನಿ."

"ಬದುಕಿದ ಮೇಲೆ ಓಡಿಹೋದ್ರೆ?"

"ಇಷ್ಟು ವರ್ಷದಲ್ಲಿ ನಾನು ಎಲ್ಲಿಗೆ ಹೋಗಿದೀನಿ?"

ಇದು ಕುಬಾನ್‌ಗೆ ಸರಿ ಅನ್ನಿಸ್ತು. ದಾರ ಬಿಚ್ಚಿ ಬಿಲ್ಲೆ ಅವನ ಕೈಗೆ ಹಾಕಿದ. ಅದು ಬೆಚ್ಚಗಿತ್ತು.

ಎಸ್ತೆಬೆಸ್ ಡೇರೆ ಬಾಗಿಲಿಗೆ ಬಂದ. ಅಷ್ಟರಲ್ಲಿ ಒಳಗೆ ಹೆಂಗಸರ ಹಾಡು ಶುರುವಾಗಿತ್ತು. ಸತ್ತವನನ್ನ ಹಾಡಿ ಅಳೋದು ಅವನ ಮನೆ ಹೆಂಗಸರ ಕೆಲಸ. ಅವನ ಮನೆಯಲ್ಲಿ ಹೆಂಗಸರಿಲ್ಲದ್ದರಿಂದ ಬುರುಲ್ಚಾ ಕೂತಿದ್ದಳು, ಗೋಡೆಗೆ ಮುಖ ಮಾಡಿ, ಸೊಂಟದ ಮೇಲೆ ಕೈಯಿಟ್ಟು.

"ಚಿನಾರ್ ಮರದಂಗಿದ್ದೆಯಲ್ಲೋ, ಬಾಗಿಲಿಗೆ ಬಗ್ಗಿ ಬರ್ತಿದ್ದೆಯಲ್ಲೋ" ಅಂತ ಹಾಡಿದಳು.

ಎಸ್ತೆಬೆಸ್ ಗಿಡ್ಡ. ದೀಪದ ಕೋಣೆಯ ಕಿಟಕಿಗೆ ಅವನು ತುದಿಗಾಲಲ್ಲಿ ನಿಲ್ಲಬೇಕಿತ್ತು. ಒಳಗೆ ಕಾಲಿಡೋಕೆ ಹೋದೋನು ಹೊರಗೇ ನಿಂತ.

"ಗಣಿ ಕತ್ತಲಲ್ಲಿ ನಿನ್ನ ಹಲ್ಲೇ ಬೆಳಕಾಗಿತ್ತಲ್ಲೋ, ಆ ಬೆಳಕು ನೋಡೋಕೆ ನಾನು ದೀಪ ಹಚ್ಚಿಟ್ಟೆನಲ್ಲೋ. ಒಂದು ಮಾತು ಹೇಳ್ತೀನಂದೆ, ಕಿವಿ ಮುದಿಯಾಯ್ತು, ಮಾತು ಬರಲಿಲ್ಲವಲ್ಲೋ."

"ಒಳಗೆ ಹೋಗಯ್ಯ" ಅಂತ ಕುಬಾನ್ ಹಿಂದಿಂದ ತಿವಿದ. "ನನಗೂ ಕತ್ತಲಾಗೋದ್ರೊಳಗೆ ಗುಡ್ಡ ದಾಟಬೇಕು."

"ಸ್ವಲ್ಪ ಇರಿ" ಅಂದ ಎಸ್ತೆಬೆಸ್. "ಇನ್ನೂ ನನ್ನ ಹೆಗಲಿನ ವಿಷಯ ಬಂದಿಲ್ಲ."

ಹೆಗಲು ಬಂತು, ಕುದುರೆ ಸವಾರಿ ಬಂತು, ಕೋಕ್-ಬೋರು ಕೂಡ ಬಂತು, ಅದರಲ್ಲಿ ಅವನೇ ಗೆದ್ದಿದ್ದ. ಕುಬಾನ್ ಗೊಣಗಿದ. ಹಾಡು ಮುಗಿದು ಅವಳು ತಲೆಬಟ್ಟೆಯ ಅಂಚಿನಲ್ಲಿ ಮೂಗೊರೆಸಿಕೊಂಡಾಗ ಎಸ್ತೆಬೆಸ್ ಒಳಗೆ ಹೋಗಿ ಅವಳ ಮುಂದೆ ಕೈ ಚಾಚಿದ.

ಬುರುಲ್ಚಾ ಬಿಲ್ಲೆ ತಗೊಂಡಳು. ನಂಬರು ನೋಡಿದಳು, ತಿರುಗಿಸಿದಳು, ಮೂಸಿದಳು. ಎದ್ದು ಹೊರಗೆ ಬಂದು ದೀಪದ ಕೋಣೆಗೆ ಹೋದಳು. ಜನ ಎಲ್ಲ ಹಿಂದೆ ಹೋದ್ರು. ಅವಳು ಬಿಲ್ಲೆಯನ್ನ ಮೊಳೆಗೆ ಹಾಕಿ, ಹಲಗೆಯನ್ನ ಮೇಲಿಂದ ಕೆಳಗೆ ಒಂದ್ಸಲ ನೋಡಿ, ತಿರುಗಿದಳು. ಅವನ ಮುಖವನ್ನೇ ನೋಡಿದಳು, ಸುಮಾರು ಹೊತ್ತು.

"ಎಷ್ಟು ಮುದುಕ ಆಗಿದೀಯ" ಅಂದಳು.

"ಕೆಳಗೆ ಗಾಳಿ ಸರಿ ಇರಲಿಲ್ಲ" ಅಂದ ಎಸ್ತೆಬೆಸ್.

"ಗಣಿ ಬಾಯಿ ಮುಚ್ಚಿದಾರೆ. ಯಾವ ಕಡೆಯಿಂದ ಬಂದೆ?"

"ಗಾಳಿ ಸುರಂಗದಿಂದ."

"ಅದು ನಿಯಮ ಅಲ್ಲ."

"ಗೊತ್ತು."

"ಏನೋ ಒಂದು ಮಾತು ಅಂದಿದ್ದೆಯಲ್ಲ. ಬಿಲ್ಲೆ ಬಂತು. ಹೇಳು."

ಇಡೀ ಊರು ಬಾಗಿಲಲ್ಲಿ ನಿಂತಿತ್ತು. ಎಸ್ತೆಬೆಸ್ ಹೇಳಿದ. ಅವಳ ಕಿವಿ ಆಗಿನಷ್ಟೇ ಕೆಂಪಾಯ್ತು.

ಕುದುರೆ ಕೊಪ್ಪರಿಗೆಯಲ್ಲಿ ಬೆಂದಾಗಿತ್ತು. ಡೇರೆ ಎದ್ದೇ ಇತ್ತು, ನೆಂಟರು ಕೂತೇ ಇದ್ರು. ಮುಲ್ಲಾ, ತನ್ನನ್ನ ಯಾವುದಾದ್ರೂ ಒಂದು ಪ್ರಾರ್ಥನೆಗೆ ಕರೆದಿದಾರೆ, ಯಾವುದಕ್ಕೆ ಅನ್ನೋದು ಮನೆಯವರಿಗೆ ಬಿಟ್ಟದ್ದು ಅಂದ. ಕಾಲಿಚಾ ಇನ್ನಷ್ಟು ಬೋರ್ಸೋಕ್, ಅಂದ್ರೆ ಹಿಟ್ಟಿನ ತುಂಡು, ಕರಿಯೋಕೆ ಎಣ್ಣೆ ಇಟ್ಟಳು. ಅಳೋಕೆ ಬಂದು ಇನ್ನೂ ಸರಿಯಾಗಿ ಅಳದೇ ಇದ್ದ ಒಂದಿಬ್ಬರಿಗೆ ಮಾತ್ರ ಸ್ವಲ್ಪ ಬೇಸರ ಆಯ್ತು.

ಅದೇ ಡೇರೆಯಲ್ಲಿ ಮದುವೆ ಮುಗಿದ ತಕ್ಷಣ ಕುಬಾನ್ ಅಂಗಿ ತೋಳು ಮಡಚಿಕೊಂಡು ಮುಂದೆ ಬಂದ. ವಿಷಯ ಏನು ಅಂತ ಬುರುಲ್ಚಾ ಕೇಳಿ ತಿಳ್ಕೊಂಡಳು.

"ಸರಿ" ಅಂದಳು. "ಚಹಾ ಕುಡಿದ ಮೇಲೆ ಹೊಡೀರಿ. ಹಲ್ಲು ಹೋದ ಬಾಯಿಗೆ ಬಿಸಿ ಚಹಾ ಉರಿಯುತ್ತೆ."

ಚಹಾ ಆದ ಮೇಲೆ ಕುಬಾನ್ ಹೊಡೆದ. ಕತ್ತಲಲ್ಲಿ ಬೆಳಕಾಗಿದ್ದ ಹಲ್ಲುಗಳಲ್ಲಿ ಒಂದು ಹೋಯ್ತು. ಆಮೇಲೆ ಇಬ್ಬರೂ ಅಪ್ಪಿಕೊಂಡ್ರು, ಹಲ್ಲು ಹೋದ ಸಂದಿಯಿಂದಲೇ ಒಬ್ಬರನ್ನೊಬ್ಬರು ಹರಸಿದ್ರು.

ಬುರುಲ್ಚಾ ಮಾರನೇ ದಿನ ದೀಪದ ಕೋಣೆಗೆ ಬೀಗ ಹಾಕಿದಳು. ಹಲಗೆ ಮಾತ್ರ ಬಿಡಲಿಲ್ಲ. ಎಸ್ತೆಬೆಸ್ ಮನೆ ಬಾಗಿಲ ಪಕ್ಕ ಅದನ್ನ ಹೊಡೆಸಿದಳು. ರೊಟ್ಟಿಗೆ ಹೋಗಬೇಕಾದ್ರೂ ಅವನು ಬಿಲ್ಲೆ ತಗೊಂಡು ಹೋಗಬೇಕು, ಬಂದ ತಕ್ಷಣ ಕೈಗೆ ಕೊಡಬೇಕು.

ಒಂದು ಸಂಜೆ ಅವನು ಬಿಲ್ಲೆ ಕೊಡೋದು ಮರೆತು ಸೀದಾ ಒಳಗೆ ಬಂದು ಕೂತ. ಬುರುಲ್ಚಾ ಒಂದೇ ಬಟ್ಟಲಿಗೆ ಚಹಾ ಬಗ್ಗಿಸಿ, ಕಿಟಕಿಯಾಚೆ ನೋಡ್ತಾ ಕುಡಿಯೋಕೆ ಶುರು ಮಾಡಿದಳು.

ಎಸ್ತೆಬೆಸ್ ಎದ್ದು, ಚಪ್ಪಲಿ ಹಾಕ್ಕೊಂಡು, ಹೊರಗೆ ಹೋಗಿ ಮತ್ತೆ ಬಂದ.