ತಿಮ್ಮಕ್ಕನ ವಖಾರಿ

ಬೊಂಬಾಯಿಗೆ ಹೋದದ್ದು ತಿಮ್ಮಕ್ಕನ ಕಿವಿ ತೋರಿಸುವುದಕ್ಕೆ. ೧೯೪೦ರ ಫಾಲ್ಗುಣ ಮಾಸ. ಕುಮಟೆಯಲ್ಲಿ ಹೊಗೆಯುಗುಳುವ ಆಗಬೋಟು ಹತ್ತಿದವರು ಮೂವರು: ತಿಮ್ಮಕ್ಕ, ಅವಳ ಗಂಡ ಜಟ್ಟ, ಜಟ್ಟನ ತಂಗಿ ಬಂಗಾರಿ. ಜಟ್ಟ ಸರಕು ಸಾಗಿಸುವ ಮಚವೆಯ ತಾಂಡೇಲ, ಅದರ ಮುಖ್ಯ ನಾವಿಕ. ಹಾಯಿ ಕಟ್ಟಿ, ಹಂಚು ಕೊಬ್ಬರಿ ಹೇರಿಕೊಂಡು ಎಷ್ಟೋ ಸಲ ಬೊಂಬಾಯಿ ಬಂದರು ಕಂಡವನು. ಬಂಗಾರಿಯನ್ನು ಕರೆದೊಯ್ದದ್ದು ಅವಳು ನಾಲ್ಕನೇ ಇಯತ್ತೆಯವರೆಗೆ ಕನ್ನಡವನ್ನೂ ಅಷ್ಟಿಷ್ಟು ಮರಾಠಿಯನ್ನೂ ಓದಿದ್ದಳೆಂದು. ಹದಿನಾರಕ್ಕೇ ಗಂಡನನ್ನು ಕಡಲಿಗೆ ಕಳೆದುಕೊಂಡು ಅಣ್ಣನ ಮನೆ ಸೇರಿದ್ದಳು. ಆರು ವರ್ಷದಿಂದ ಅವಳ ಪ್ರಪಂಚವೆಂದರೆ ಒರಳುಕಲ್ಲು ಮತ್ತು ಅತ್ತಿಗೆ.

ಡಾಕ್ಟರು ಕಿವಿಗೆ ಔಷಧಿ ಬಿಟ್ಟು, ನಾಲ್ಕು ದಿನ ಊರಲ್ಲೇ ಇರಿ ಅಂದರು. ಮೂರನೆಯ ದಿನ ಬೀದಿಯಲ್ಲಿ ಹೋಗುತ್ತಿದ್ದಾಗ ತಿಮ್ಮಕ್ಕ ಒಂದು ಮೂರಂತಸ್ತಿನ ಅಂಗಡಿಯೆದುರು ನಿಂತುಬಿಟ್ಟಳು.

"ಒಳಗೆ ಹೋಗೂಕೆ ಬಿಡ್ತಾರಾ ಕೇಳು."

"ಬ್ಯಾಡ ಅತ್ತಿಗೆ. ಬೈದ್ರೆ ಎಂತ ಮಾಡೂದು?"

"ಬೈದ್ರೆ ಹೊರಗೆ ಬಂದ್ರಾತು."

ಯಾರೂ ಬೈಯಲಿಲ್ಲ. ಒಂದು ಕಡೆ ಅರಿವೆ, ಒಂದು ಕಡೆ ಪಾತ್ರೆ, ಮೆಟ್ಟಿಲು ಹತ್ತಿದರೆ ಕಂದೀಲು, ಗಡಿಯಾರ, ಮಕ್ಕಳ ಆಟಿಕೆ. ಹೆಂಗಸರು ಸೀರೆ ಬಿಡಿಸಿ ನೋಡುತ್ತಿದ್ದರು, ಬೇಡವಾದರೆ ಅಲ್ಲೇ ಇಟ್ಟು ಮುಂದೆ ಹೋಗುತ್ತಿದ್ದರು. ಪ್ರತಿ ವಸ್ತುವಿಗೂ ಬೆಲೆಯ ಚೀಟಿ. ತನ್ನ ಬರಿಗಾಲಿನ ಧೂಳು ಆ ನುಣ್ಣನೆಯ ನೆಲದ ಮೇಲೆ ಬೀಳುತ್ತಿದೆಯಲ್ಲಾ ಎಂದು ಬಂಗಾರಿ ತುದಿಗಾಲಲ್ಲಿ ನಡೆದಳು. ತಿಮ್ಮಕ್ಕ ಮಾತ್ರ ಮೂರೂ ಅಂತಸ್ತು ಸುತ್ತಿ, ಎರಡು ಮೊಳ ರಿಬ್ಬನ್ನು ಕೊಂಡು ಹೊರಬಂದಳು.

"ಬಂಗಾರಿ, ಯಾರಾದ್ರೂ ನಿನ್ನ ಎಂತ ಬೇಕು ಅಂತ ಗದರಿಸಿ ಕೇಳಿದ್ರನೇ?"

"ಇಲ್ಲಪ್ಪ."

"ಹಂಗೆ ಒಂದು ಅಂಗ್ಡಿ ಮಾಡ್ಬೇಕು ನಮ್ಮ ಕುಮಟ್ಯಾಗೆ."

ಕಿವಿಯ ಔಷಧಿ ತಲೆಗೇರಿರಬೇಕು ಎಂದುಕೊಂಡಳು ಬಂಗಾರಿ.

ಆಗ ಕುಮಟೆಯ ಪೇಟೆಯಲ್ಲಿ ಮೀನುಗಾರರ ಹೆಂಗಸು ಅರಿವೆ ಕೊಳ್ಳುವ ರೀತಿಯೇ ಬೇರೆ ಇತ್ತು. ಅಂಗಡಿಯ ಜಗಲಿಯ ಕೆಳಗೆ, ಬಿಸಿಲಲ್ಲಿ ನಿಲ್ಲಬೇಕು. ಅಂಗಡಿಯವನು ತನಗೆ ತೋಚಿದ ಸೀರೆ ಎತ್ತಿ ಎಸೆಯುತ್ತಾನೆ. ಮುಟ್ಟಿದರೆ ಅದು ನಿನ್ನದೇ ಆಯಿತು. ಒಬ್ಬರಿಗೆ ಒಂದು ದರ, ಇನ್ನೊಬ್ಬರಿಗೆ ಇನ್ನೊಂದು. ಹೆಬಳೆಯ ಹತ್ತಿರದ ತೆಂಗಿನಗುಂಡಿಯಲ್ಲಿ ಹುಟ್ಟಿದ ತಿಮ್ಮಕ್ಕ ಹನ್ನೆರಡನೆಯ ವಯಸ್ಸಿನಿಂದ ಮೀನಿನ ಬುಟ್ಟಿ ಹೊತ್ತವಳು. ಮದುವೆಯಾಗಿ ಕುಮಟೆಗೆ ಬಂದ ಮೇಲೂ ಬುಟ್ಟಿ ಇಳಿಸಿರಲಿಲ್ಲ. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ಮನೆಯಲ್ಲಿ ಗಂಡನ ಕಡೆಯವರು ಬಂದಿದ್ದಾರೆ, ಯಾರಿಗೆ ಯಾವ ಮೀನು ಎಂಬುದೆಲ್ಲ ಅವಳಿಗೆ ಬಾಯಿಪಾಠ. "ನಾನು ಮೀನನ್ನ ಕಿವಿರು ಎತ್ತಿ ತೋರಿಸಿ ಮಾರ್ತೆ. ಅವ್ರು ಸೀರೆ ಮುಚ್ಚಿಟ್ಟು ಮಾರೂದು ಎಂತಕ್ಕೆ?" ಎನ್ನುತ್ತಿದ್ದಳು.

ಯುದ್ಧ ಜೋರಾಯಿತು. ಆಗಬೋಟುಗಳನ್ನು ಸರಕಾರ ಎಳೆದುಕೊಂಡಿತು. ಬೊಂಬಾಯಿಯ ಸಾಮಾನು ಕರಾವಳಿಗೆ ಬರಬೇಕಾದರೆ ಮಚವೆಗಳೇ ಗತಿ ಎಂಬಂತಾಯಿತು. ಜಟ್ಟನಿಗೆ ಉಸಿರಾಡಲು ಪುರುಸೊತ್ತಿಲ್ಲ, ಒಂದು ಮಚವೆ ಎರಡಾಯಿತು. ತಿಮ್ಮಕ್ಕ ಕಾಯುತ್ತಿದ್ದುದು ಇದಕ್ಕೇ. ಬಂದರಿನ ಹತ್ತಿರ ಒಂದು ಹಳೆಯ ಹತ್ತಿ ವಖಾರಿ ಇತ್ತು. ಘಟ್ಟದ ಮೇಲಿನ ಹತ್ತಿ ರೈಲು ಹತ್ತಿದ ಮೇಲೆ ಕುಮಟೆಯತ್ತ ತಿರುಗಿಯೂ ನೋಡಿರಲಿಲ್ಲ. ಆ ದೊಡ್ಡ ಉಗ್ರಾಣದಲ್ಲಿ ಬಾವಲಿಗಳು ಸಂಸಾರ ಹೂಡಿದ್ದವು. ತಿಮ್ಮಕ್ಕ ಅದನ್ನು ಬಾಡಿಗೆಗೆ ಹಿಡಿದಳು. ಗೋಡೆ ಒಡೆಸಿ ಎಂಟು ಕಿಟಕಿ ಇಡಿಸಿದಳು, ಸುಣ್ಣ ಬಳಿಸಿದಳು, ಜಗಲಿಯನ್ನು ಕಿತ್ತುಹಾಕಿಸಿ ಬೀದಿಯಿಂದ ನೇರ ಒಳಗೆ ನಡೆದು ಬರುವಂತೆ ಮಾಡಿಸಿದಳು.

ಅಂಗಡಿಯಲ್ಲಿ ಕೆಲಸಕ್ಕೆ ಹೆಂಗಸರೇ. ಪಾತ್ರೆಗೆ ಗಂಗಿ, ಬಳೆಗೆ ಸುಬ್ಬಿ, ಅರಿವೆಗೆ ಬಂಗಾರಿ. ಜಟ್ಟನಿಗೆ ಇದು ಸರಿಬರಲಿಲ್ಲ.

"ಗಂಡಸ್ರು ಒಬ್ರೂ ಇಲ್ದೆ ಅಂಗ್ಡಿ ನಡೀತದಾ?"

"ರವಕೆ ಅಳತೆ ಗಂಡಸಿನ ಹತ್ರ ಯಾರು ಹೇಳ್ತಾರೆ, ನೀವೇ ಹೇಳಿ," ಅಂದಳು ತಿಮ್ಮಕ್ಕ.

ಬೆಲೆ ಬರೆಯುವುದು ಬಂಗಾರಿಯ ಪಾಲಿಗೆ ಬಂತು. ಬರೆದರೆ ಓದುವವರಾರು? ಅವಳೇ ಒಂದು ಉಪಾಯ ಹುಡುಕಿದಳು. ರೂಪಾಯಿಗೆ ಇಡೀ ಚಂದ್ರ, ಎಂಟಾಣೆಗೆ ಅರ್ಧಚಂದ್ರ, ಆಣೆಗೆ ಒಂದು ಗೆರೆ. ತಿಮ್ಮಕ್ಕ ಆ ಚೀಟಿಯನ್ನು ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ನಂಗೂ ಓದೂಕೆ ಬತ್ತಲ್ಲೇ!" ಎಂದು ನಾದಿನಿಯ ಬೆನ್ನಿಗೆ ಗುದ್ದಿದಳು. ಹಾಗೆ ಯಾರಾದರೂ ತನ್ನ ಕೆಲಸವನ್ನು ಮೆಚ್ಚಿದ್ದು ಬಂಗಾರಿಗೆ ನೆನಪಿರಲಿಲ್ಲ.

೧೯೪೧ರ ದೀಪಾವಳಿಗೆ ಬಾಗಿಲು ತೆರೆಯಿತು. ಮರುದಿನವೇ ಪೇಟೆಯಲ್ಲಿ ಮಾತು ಹಬ್ಬಿತು: ವಖಾರಿಯ ಸೀರೆ ಮೀನು ನಾರುತ್ತದಂತೆ! ಹದಿನೆಂಟು ದಿನ ಪೇಟೆಯವರೊಬ್ಬರೂ ಹಣಿಕಲಿಲ್ಲ. ಬಂದವರೆಂದರೆ ಬಂದರಿನ ಕೇರಿಯ ಹೆಂಗಸರು, ಗದ್ದೆ ಕೆಲಸದವರು. ಅವರಲ್ಲೂ ಅನೇಕರು ಬಾಗಿಲಲ್ಲೇ ಅಳುಕಿ ನಿಲ್ಲುತ್ತಿದ್ದರು. ತಿಮ್ಮಕ್ಕ ಹೋಗಿ ಕೈಹಿಡಿದು ಒಳಗೆ ಕರೆತರುತ್ತಿದ್ದಳು. "ಮುಟ್ಟು, ಬಿಡ್ಸಿ ನೋಡು. ಬ್ಯಾಡಾದ್ರೆ ಇಡು. ಮನಿಗೆ ಹೋದ್ಮೇಲೆ ಬ್ಯಾಡಂತ ಕಂಡ್ರೆ ಎಂಟು ದಿನದಾಗೆ ವಾಪಸ್ ತಾ."

ಬರಬರುತ್ತ ಕಚೇರಿಯ ಕಾರಕೂನರ ಮನೆಯವರು ಬಂದರು, ಮಾಸ್ತರರ ಮನೆಯವರು ಬಂದರು. ಬೇರೆಲ್ಲೂ ಸಿಗದ ಸಾಮಾನು ಇಲ್ಲಿ ಸಿಗುತ್ತದಲ್ಲ! ಆದರೂ ಆಚೀಚೆ ನೋಡಿಕೊಂಡು ಒಳಸೇರುವುದು, ಕೊಂಡದ್ದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಡುವುದು ತಪ್ಪಲಿಲ್ಲ.

೧೯೪೩ರ ಮೇ ತಿಂಗಳ ಕೊನೆಗೆ, ಮಳೆಗಾಲಕ್ಕೆ ಕಡಲು ಮುಚ್ಚುವ ಮೊದಲು, ಜಟ್ಟ ಕೊನೆಯ ಖೇಪಿನಲ್ಲಿ ಇನ್ನೂರೈವತ್ತು ಕರಿ ಕೊಡೆ ತಂದ. ಯುದ್ಧಕಾಲದಲ್ಲಿ ಕೊಡೆ ಸಿಗುವುದೆಂದರೆ ಚಿನ್ನ ಸಿಕ್ಕಂತೆ. ಹತ್ತೇ ದಿನದಲ್ಲಿ ಇನ್ನೂರ ಹನ್ನೆರಡು ಹೋದವು. ಆಮೇಲೆ ಮಳೆ ಬಂತು.

ಮಳೆ ಹಿಡಿದ ಎರಡನೆಯ ದಿನ ಟಪ್ಪಾಲು ಹಂಚುವ ಅಣ್ಣಪ್ಪ ವಖಾರಿಗೆ ಬಂದ. ಮುಖದ ಮೇಲೆ, ಅಂಗಿಯ ಮೇಲೆ ಎಲ್ಲಾ ಕಪ್ಪು ನೀರಿನ ಗೆರೆ. ಕೈಯಲ್ಲಿದ್ದ ಕೊಡೆಯ ಅರಿವೆ ಬೂದಿ ಬಣ್ಣಕ್ಕೆ ತಿರುಗಿತ್ತು.

"ತಿಮ್ಮಕ್ಕ, ನನ್ನ ಅಂಗಿ ಹಾಳಾದ್ದು ಹೋಗ್ಲಿ. ಚೀಲದೊಳಗಿನ ಕಾಗ್ದಕ್ಕೆಲ್ಲ ಕರಿ ಇಳ್ದದೆ. ಮಗ ಪಲ್ಟಣದಿಂದ ಬರೆದ ಕಾಗ್ದ, ತಾಯಿಗೆ ಓದಿ ಹೇಳೂಕೆ ಹೋದ್ರೆ ಒಂದಕ್ಷರ ಕಾಣೂದಿಲ್ಲ. ಆ ಮುದುಕಿ ನನ್ನ ಮುಖ ನೋಡ್ತಾ ಕೂತಳೆ."

ತಿಮ್ಮಕ್ಕ ಕೊಡೆ ಈಸಿಕೊಂಡಳು. ಹಣ ಹಿಂದೆ ಕೊಟ್ಟಳು, ಅಂಗಿಗೆಂದು ಎರಡು ಗಜ ಖಾಕಿ ಅರಿವೆ ಹರಿದುಕೊಟ್ಟಳು. ಆಮೇಲೆ ಒಳಗುಳಿದಿದ್ದ ಕೊಡೆಗಳಲ್ಲಿ ಒಂದನ್ನು ಎತ್ತಿ ಅಂಗಳದ ಮಳೆಗೆ ಬಿಡಿಸಿ ಹಿಡಿದಳು. ಹತ್ತು ನಿಮಿಷದಲ್ಲಿ ಅವಳ ಮೊಣಕೈಯಿಂದ ಕಪ್ಪು ನೀರು ತೊಟ್ಟಿಕ್ಕಿತು. ಇನ್ನೊಂದು ಹಿಡಿದಳು. ಅದೂ ಹಾಗೆಯೇ.

"ಬಂಗಾರಿ, ಡೋಲಿನ ಬೀರನ ಕರಿ. ಡಂಗುರ ಹೊಡಿಸ್ಬೇಕು."

"ಎಂತ ಹೇಳಿ?"

"ತಿಮ್ಮಕ್ಕನ ವಖಾರ್ಯಾಗೆ ಕರಿ ಕೊಡೆ ತಕೊಂಡವ್ರೆಲ್ಲ ವಾಪಸ್ ತಂದುಕೊಡಿ, ಕೊಟ್ಟ ದುಡ್ಡು ತಕೊಂಡು ಹೋಗಿ, ಅಂತ."

ಜಟ್ಟ ಸಿಟ್ಟಿನಿಂದ ಎದ್ದುನಿಂತ. "ನಿಂಗೆ ಮಳ್ಳಾ? ಕೇಳೂಕೆ ಬಂದವ ಒಬ್ನೇ. ಎಂಟು ದಿನವೂ ಕಳ್ದೋಗಿದೆ. ಮಾಲು ಹಾಳಾದ್ರೆ ಅದ್ನ ಮಾಡ್ದವ ಬೊಂಬಾಯ್ಯಾಗೆ ಕೂತವ್ನೆ, ಅವ್ನ ಹಿಡೀಲಿ."

"ಅವ್ನ ಮುಖ ಯಾರು ಕಂಡವ್ರು? ಜನ ಕಂಡದ್ದು ನನ್ನ ಮುಖ."

"ಪೇಟ್ಯವ್ರು ನಗ್ತಾರೆ."

"ನಗ್ಲಿ. ಮಳ್ಯಾಗೆ ನೆನಕಂಡು ಬೈಯೂದಕ್ಕಿಂತ ಒಣಗಿದ ಮೈಯಲ್ಲಿ ನಗೂದು ಚೊಲೋ."

ಬೀರ ಮೂರು ದಿನ ಮಳೆಯಲ್ಲೇ ಡೋಲು ಬಡಿದ. ಮೊದಲ ದಿನ ಜನ ನಿಜಕ್ಕೂ ನಕ್ಕರು. ಮಾರಿದ ಮಾಲನ್ನು ತಾನೇ ಕರೆದು ವಾಪಸು ಪಡೆಯುವ ವ್ಯಾಪಾರಿಯನ್ನು ಯಾರೂ ಕಂಡಿರಲಿಲ್ಲ. ಎರಡನೆಯ ದಿನದಿಂದ ಕೊಡೆಗಳು ಬರತೊಡಗಿದವು. ಹೊಸ ಕೊಡೆ ತರೋಣವೆಂದರೆ ಕಡಲು ಮುಚ್ಚಿದೆ. ತಿಮ್ಮಕ್ಕ ತವರಿಗೆ ಹೇಳಿಕಳಿಸಿ ಹೆಬಳೆಯ ಹೆಂಗಸರಿಂದ ತಲೆ ಬೆನ್ನು ಮುಚ್ಚುವ ಎಲೆಯ ಗೊರಬು ಹೆಣೆಸಿ ತರಿಸಿದಳು. ಕೊಡೆ ಕೊಟ್ಟವರಿಗೆ ಹಣದ ಜೊತೆಗೆ ಒಂದೊಂದು ಗೊರಬು ಪುಕ್ಕಟೆ. ಆ ಮಳೆಗಾಲ ಕುಮಟೆಯಲ್ಲಿ ಕೋರ್ಟಿನ ಕಾರಕೂನರೂ ಗದ್ದೆಯ ಆಳಿನಂತೆ ಬೆನ್ನಿಗೆ ಗೊರಬು ಹಾಕಿಕೊಂಡು ಕಚೇರಿಗೆ ನಡೆದರು.

ಒಬ್ಬ ಮುದುಕಿ ಎಲ್ಲಿಯದೋ ಹಳೆಯ, ಕಡ್ಡಿ ಮುರಿದ ಕೊಡೆ ಹಿಡಿದುಕೊಂಡು ಬಂದಾಗ ಬಂಗಾರಿ ತಡೆಯಲಾರದೆ ಅಂದಳು, "ಅತ್ತಿಗೆ, ಇದು ನಮ್ಮ ಕೊಡೆ ಅಲ್ಲ!"

"ನಂಗೂ ಗೊತ್ತದೆ. ದುಡ್ಡು ಕೊಡ್ಬ್ಯಾಡ, ಗೊರಬು ಕೊಡು. ಮಳೆ ಅವ್ಳಿಗೂ ಮಳೆಯೇ."

ಆ ಮಳೆಗಾಲ ಪೂರಾ ಮನೆಯಲ್ಲಿ ಗಂಜಿಗೆ ಉಪ್ಪಿನಕಾಯಿಯೇ ಗತಿಯಾಯಿತು. ಜಟ್ಟ ಹೆಂಡತಿಯೊಡನೆ ಎರಡು ವಾರ ಮಾತು ಬಿಟ್ಟ. ಆದರೆ ಕಡಲು ತೆರೆದು ಮೊದಲ ಮಚವೆ ಬಂದಾಗ, ಬೊಂಬಾಯಿಯಲ್ಲಿ ಪ್ರತಿ ಕೊಡೆಯನ್ನೂ ನೀರಿನಲ್ಲಿ ಅದ್ದಿ ನೋಡಿಯೇ ಹೇರಿಸಿದವನು ಅವನೇ. ಕೊಡೆ ವ್ಯಾಪಾರಿಗೆ ಹುಚ್ಚು ಹಿಡಿಸಿಬಿಟ್ಟೆ ಎಂದು ಕುಮಟೆಯ ಬಂದರಿನಲ್ಲಿಳಿದು ಹೆಮ್ಮೆಯಿಂದ ಹೇಳಿಕೊಂಡ.

ಆ ದೀಪಾವಳಿಗೆ ವಖಾರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೆರಗಿನಲ್ಲಿ ಮುಚ್ಚಿಕೊಂಡು ಹೋಗುವವರು ಯಾರೂ ಇಲ್ಲ. ತೋಟದ ಸೀಮೆಯಿಂದ ಗಾಡಿ ಕಟ್ಟಿಕೊಂಡು ಬಂದ ಹವೀಕ ಗೃಹಿಣಿಯೊಬ್ಬಳು ಸೀರೆಯ ಸೆರಗು ಬೆಳಕಿಗೆ ಹಿಡಿದು, "ಇದು ಚೊಲೋ ಇದ್ದು. ಬಣ್ಣ ಬಿಡ್ತಿಲ್ಲೆ ಅಲ್ದಾ?" ಎಂದು ಕೇಳಿದಾಗ, ಪಕ್ಕದಲ್ಲಿದ್ದ ಬಂದರು ಕೇರಿಯ ಸಣ್ಣಿ ತಾನೇ ಉತ್ತರ ಕೊಟ್ಟಳು: "ಬಿಟ್ರೆ ಡೋಲು ಹೊಡ್ಸಿ ವಾಪಸ್ ತಕೊಳ್ತಾರೆ ಅಮ್ಮ!" ಇಬ್ಬರೂ ಒಂದೇ ಸೀರೆಯ ಎರಡು ತುದಿ ಹಿಡಿದುಕೊಂಡು ನಕ್ಕರು. ಬಂಗಾರಿ ಮಡಿಸುತ್ತಿದ್ದ ಅರಿವೆಯನ್ನು ಹಾಗೆಯೇ ಹಿಡಿದು ಅವರಿಬ್ಬರನ್ನೇ ನೋಡುತ್ತ ನಿಂತಳು.

ಯುದ್ಧ ಮುಗಿದ ಮರುವರ್ಷ ಹೊನ್ನಾವರದಲ್ಲಿ ಇನ್ನೊಂದು ಅಂಗಡಿ ಆಯಿತು. ಗಂಗಿ ಅಲ್ಲಿ ಮುಖ್ಯಸ್ಥೆಯಾದಳು. ೧೯೪೮ರಲ್ಲಿ ಭಟ್ಕಳದ ಸರದಿ. ಅಲ್ಲಿ ಕಟ್ಟಡ ನವಾಯತ ಮುಸಲ್ಮಾನ ಮನೆತನದ ಹಿರಿಯರೊಬ್ಬರದು, ಹೆಸರು ಮೊಹಿದ್ದೀನ್ ಸಾಹೇಬರು. ಬಾಡಿಗೆಯ ಮಾತು ಮುಗಿದ ಮೇಲೆ ಅವರು ಅಂದರು, "ತಿಮ್ಮಕ್ಕ, ನಮ್ಮ ಮನೆ ಹೆಂಗಸರು ಅಂಗಡಿಯ ಮೆಟ್ಟಿಲು ಹತ್ತಿದವರಲ್ಲ. ಅವರ ವ್ಯಾಪಾರ ನಿಮಗೆ ಸಿಗೂದಿಲ್ಲ. ಮೊದಲೇ ಹೇಳಿಬಿಡ್ತೇನೆ. ಬೇಕಾದ್ದೆಲ್ಲ ನಾವೇ ತಂದು ಕೊಡ್ತೇವೆ."

"ನೀವು ತಂದದ್ದು ಅವ್ರ ಮನ್ಸಿಗೆ ಬತ್ತದಾ ಸಾಯ್ಬ್ರೇ?"

ಸಾಹೇಬರು ಗಡ್ಡ ನೀವಿಕೊಂಡು ನಕ್ಕರು. "ಮೂವತ್ತು ವರ್ಷದಲ್ಲಿ ಒಂದು ಸಲವೂ ಇಲ್ಲ."

"ಹಂಗಾದ್ರೆ ಬುಧವಾರ ಬೆಳಿಗ್ಗೆ ಹೆಂಗಸ್ರಿಗೆ ಮಾತ್ರ. ಬಾಗ್ಲಿಗೆ ಪರದೆ ಕಟ್ಟಿಸ್ತೆ. ಒಳಗೆ ನಮ್ಮ ಹುಡುಗ್ಯರೇ. ಗಂಡ್ಸು ಅಂದ್ರೆ ನನ್ನ ಗಂಡನ್ನೂ ಬಿಡೂದಿಲ್ಲ."

ಭಟ್ಕಳದ ಅಂಗಡಿಯನ್ನು ತಿಮ್ಮಕ್ಕ ಬಂಗಾರಿಗೆ ವಹಿಸಿದಳು. "ನಂಗೆ ಒಬ್ಳಿಗೇ ಆತದಾ ಅತ್ತಿಗೆ?" ಎಂದರೆ, "ಚಂದ್ರ ಗೆರೆ ಹುಡುಕಿದವಳು ನೀನೋ ನಾನೋ?" ಎಂದು ಮರುಪ್ರಶ್ನೆ ಹಾಕಿದಳು.

ಮೊದಲ ಬುಧವಾರ ಬಂದದ್ದು ಒಂದೇ ಗಾಡಿ. ಸಾಹೇಬರ ತಾಯಿ, ಎಪ್ಪತ್ತರ ಆಚೆಯ ಮುದುಕಿ, ಇಬ್ಬರು ಸೊಸೆಯರ ಆಸರೆಯಲ್ಲಿ ಒಳಗೆ ಬಂದಳು. ಪರದೆ ಬಿದ್ದ ಮೇಲೆ ಮುಸುಕು ಸರಿಸಿ ಸುತ್ತ ನೋಡಿದಳು. ಬಳೆಗಳ ಮುಂದೆ ಕೂತಳು. ಹಸಿರು ತೆಗೆಸಿದಳು, ಕೆಂಪು ತೆಗೆಸಿದಳು, ಅದನ್ನಿಟ್ಟು ಇದನ್ನೆತ್ತಿ, ಇದನ್ನಿಟ್ಟು ಅದನ್ನೆತ್ತಿ ಒಂದು ತಾಸು ಕಳೆದಳು. ಬಂಗಾರಿ ಅಂಗಡಿಯಲ್ಲಿ ಕಲಿತ ಕೊಂಕಣಿಯಲ್ಲಿ ಮಾತಾಡಿದರೆ ಮುದುಕಿ ಅದಕ್ಕೆ ಹತ್ತಿರದ ನವಾಯತಿಯಲ್ಲಿ ಉತ್ತರಿಸಿದಳು. ಇಬ್ಬರಿಗೂ ಅರ್ಥವಾಯಿತು. ಕೊನೆಗೆ ಮುದುಕಿ ಕೊಂಡದ್ದು ಒಂದು ಪೊಟ್ಟಣ ಸೂಜಿ.

ಗಾಡಿ ಹೋದ ಮೇಲೆ, ಕುಮಟೆಯಿಂದ ಜೊತೆಗೆ ಬಂದಿದ್ದ ಸುಬ್ಬಿ ಬಳೆಗಳನ್ನು ಎತ್ತಿಡುತ್ತ ಗೊಣಗಿದಳು. "ಇಡೀ ಅಂಗ್ಡಿ ಬಿಡ್ಸಿ ಒಂದು ಸೂಜಿ!"

"ನೋಡ್ಲಿ ಬಿಡು," ಅಂದಳು ಬಂಗಾರಿ. "ನೋಡೂಕೇ ಅಲ್ದಾ ಅಂಗ್ಡಿ ಇಟ್ಟದ್ದು."

ಮುಂದಿನ ಬುಧವಾರ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಬೀದಿಯಲ್ಲಿ ಪರದೆ ಕಟ್ಟಿದ ಎತ್ತಿನ ಗಾಡಿಗಳು ಸಾಲುಹಿಡಿದು ನಿಂತಿದ್ದವು. ಬಂಗಾರಿ ಎಣಿಸಿದಳು. ಹನ್ನೊಂದು.