ಬರದ ಕಾಯಿಲೆಯ ಮಾತ್ರೆ

"ಮನೇಲಿ ಯಾರಿಗಾದ್ರೂ ಕೆಮ್ಮು ಇದೆಯಾ ಅಜ್ಜಿ?"

"ಇಲ್ಲಮ್ಮ," ಎಂದಳು ಅಜ್ಜಿ, ನರ್ಸಮ್ಮನ ಮುಖ ತಪ್ಪಿಸಿ ಮಕ್ಕಳ ತೂಕದ ತಕ್ಕಡಿ ನೋಡುತ್ತ. ಪ್ರತಿ ಸಲವೂ ಅದೇ ಪ್ರಶ್ನೆ, ಅದೇ ಸುಳ್ಳು.

"ಮೊಮ್ಮಗಳು ಗುಬ್ಬೀನ ಯಾಕೆ ಕರ್ಕೊಂಡು ಬರ್ಲಿಲ್ಲ?"

"ಮಲಗಿದ್ಲು. ಎಬ್ಬಿಸೋಕೆ ಮನಸ್ಸಾಗ್ಲಿಲ್ಲ."

"ಈ ಹೊತ್ತಿನಲ್ಲಾ?" ನರ್ಸಮ್ಮ ಮಾತ್ರೆಯ ಪೊಟ್ಟಣ ಮುಂದೆ ಸರಿಸಿದಳು. "ನಾಳೆ ಕರ್ಕೊಂಡೇ ಬರ್ಬೇಕು. ಇದು ಎಚ್‌ಐವಿ ಮಾತ್ರೆ. ಈ ಬಿಳೀದು ಟಿಬಿ ಬರದ ಹಾಗೆ ತಡೆಯೋಕೆ. ಇಂಥ ಮಕ್ಕಳಿಗೆ ಟಿಬಿ ಹತ್ತಿದ್ರೆ ಕಷ್ಟ, ಒಂದು ದಿನಾನೂ ತಪ್ಪಿಸ್ಬೇಡಿ."

"ಎಷ್ಟು ಸಲ ಪಾಠ ಹೇಳ್ತೀಯೇ ತಾಯಿ, ನನಗೇನು ಪರೀಕ್ಷೆ ಇದೆಯಾ?"

ಮೊದಲ ಮಾತ್ರೆಯನ್ನು ಅಜ್ಜಿ ಎಂದೂ ತಪ್ಪಿಸಿದವಳಲ್ಲ. ಅದು ಸಿಗದೆಯೇ ಗುಬ್ಬಿಯ ತಾಯಿ, ತನ್ನ ಹೊಟ್ಟೆಯ ಮಗಳು, ಕಣ್ಣೆದುರೇ ಸವೆದು ಹೋಗಿದ್ದಳು. ಬಿಳಿ ಮಾತ್ರೆ ಮಾತ್ರ ಮಗನ ಬಾಯಿ ಸೇರುತ್ತಿತ್ತು. ಬೇಕರಿಯ ಒಲೆ ಮುಂದೆ ದುಡಿಯುವವನು, ಟವೆಲ್ಲಿನಲ್ಲಿ ಬಾಯಿ ಮುಚ್ಚಿ ಕೆಮ್ಮುವವನು.

"ಅಮ್ಮಾ, ಇದು ಗುಬ್ಬೀದಲ್ವಾ?" ಎಂದು ಅವನು ಮೊದಲ ದಿನ ಹಿಂಜರಿದಿದ್ದ.

"ನುಂಗೋ ಸುಮ್ನೆ. ಕಾಯಿಲೆ ಬಂದಿರೋದು ನಿನಗೆ. ಅವಳಿಗೆ ಬರದೇ ಇರೋದಕ್ಕೆ ಮಾತ್ರೆ ಯಾಕೆ?"

ಆಸ್ಪತ್ರೆಗೆ ಅವನನ್ನು ಕರೆತರುವಂತಿರಲಿಲ್ಲ. ಕೆಮ್ಮಿದ ತಪ್ಪಿಗೆ ಅವನ ಜೊತೆಗಾರನೊಬ್ಬನನ್ನು ಬೇಕರಿ ಧಣಿ ಹೊರಗಟ್ಟಿದ್ದ. ಸಂಜೆಯೊಳಗೆ ಮನೆ ಮಾಲೀಕ ಆ ಜೊತೆಗಾರನ ಸಾಮಾನು ಬೀದಿಗೆಸೆದಿದ್ದ. ವರ್ಷಗಟ್ಟಲೆ ಹಿಟ್ಟಿನ ಧೂಳು, ಹೊಗೆ ಕುಡಿಸಿ, ಎದೆ ಕೆಟ್ಟ ದಿನ ಅನ್ನವನ್ನೂ ಸೂರನ್ನೂ ಒಟ್ಟಿಗೇ ಕಿತ್ತುಕೊಳ್ಳುವ ದೊಡ್ಡ ಮನುಷ್ಯರು. ಅವರ ಕಿವಿಗೆ ಬೀಳದಿರಲೆಂದು ಅಜ್ಜಿ ಇದ್ದೊಂದು ಕಿಟಕಿಗೂ ಹಳೇ ಗೋಣಿ ತುರುಕಿದ್ದಳು. ಆ ಮುಚ್ಚಿದ ಕೋಣೆಯಲ್ಲೇ ಗುಬ್ಬಿ ಮಾವನ ತೋಳ ಮೇಲೆ ತಲೆಯಿಟ್ಟು, ಕಥೆ ಕೇಳುತ್ತ ಮಲಗುತ್ತಿದ್ದಳು. ಮಾತ್ರೆ ಶುರುವಾದ ಮೇಲೆ ಮಗನ ಕೆಮ್ಮು ಒಂಚೂರು ತಗ್ಗಿದಂತೆ ಕಂಡಿತ್ತು. ತನ್ನ ಬುದ್ಧಿಗೆ ಅಜ್ಜಿ ತಾನೇ ಭೇಷ್ ಅಂದುಕೊಂಡಿದ್ದಳು.

ಮಾತ್ರೆಯ ಪೊಟ್ಟಣವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಣಿಗೆ ತಿರುಗಿದಾಗ ಬಾಗಿಲಾಚೆಯಿಂದ ಕೆಮ್ಮು ಕೇಳಿತು. ಒಣ ಕೆಮ್ಮು, ಬಿಡದೆ. ಮಗ ಕೆಲಸ ಮುಗಿಸಿ ಬಂದಿರಬೇಕು.

"ಮೆಲ್ಲಗೋ, ಮಾರಾಯ," ಅಜ್ಜಿ ಬಾಗಿಲಿಗೆ ಬಾಯಿಟ್ಟು ಗದರಿದಳು. "ಓಣಿಗೆಲ್ಲ ಕೇಳಿಸ್ತಿದೆ."

ಚಪ್ಪಲಿ ಬಿಡಲು ಬಗ್ಗಿದಳು. ಹೊಸ್ತಿಲ ಬಳಿ ಗುಬ್ಬಿಯ ಪುಟ್ಟ ಚಪ್ಪಲಿಗಳು ಮಾತ್ರ ಇದ್ದವು. ಪಕ್ಕದಲ್ಲಿ ಮಗ ಚಪ್ಪಲಿ ಬಿಡುವ ಜಾಗ, ಹಿಟ್ಟಿನ ಬಿಳಿ ಗುರುತಷ್ಟೇ ಉಳಿದು, ಖಾಲಿಯಿತ್ತು.