ಮೂರು ಕೆಂಪು ಹೊಲಿಗೆ

ಗಂಜಿ ಹಾಕಿದ ಒದ್ದೆ ಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಾಗ ಏಳುವ ವಾಸನೆ ಅವಳಿಗೆ ತಾಯಿಯ ಹಾಲಿನಷ್ಟೇ ಹಳೆಯದು. ಅಪ್ಪನ ಇಸ್ತ್ರಿ ಅಂಗಡಿಯ ಮೇಜಿನ ಕೆಳಗೆ ಮಲಗಿಸುತ್ತಿದ್ದ ಕಾಲದಿಂದ ಮೂಗಿಗೆ ಅಂಟಿಕೊಂಡದ್ದು. ದೊಡ್ಡಮನೆಯ ಹಿಂಬಾಗಿಲಲ್ಲಿ ನಿಂತಾಗ ಒಳಗಿನಿಂದ ಅದೇ ವಾಸನೆ ಬಂದು ಅವಳ ಕಣ್ಣು ತುಂಬಿತು. ಈಗ ಅವರ ಅಂಗಡಿಯಲ್ಲಿರುವುದು ಸುಟ್ಟ ಮೇಜಿನ ಕಮರು ವಾಸನೆ ಮಾತ್ರ. ಹೋದ ವಾರ ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೆಯೇ ಬಿಟ್ಟು ತೂಕಡಿಸಿದವಳು ಅವಳೇ. ಗಿರಾಕಿಗಳ ಬಟ್ಟೆಯೆಲ್ಲ ಬೂದಿಯಾಯಿತು. ನಾಳೆ ಜಾಗ ಖಾಲಿ ಮಾಡಿ ಎಂದು ಕಟ್ಟಡದ ಯಜಮಾನ ಹೇಳಿಹೋಗಿದ್ದ.

"ಹೆದರ್ಬೇಡ," ಎಂದಿದ್ದ ಅಪ್ಪ, ಬೆಂಕಿ ಆರಿಸಲು ಹೋಗಿ ಸುಟ್ಟ ಬಲಗೈಯನ್ನು ಎದೆಗವಚಿಕೊಂಡು. "ನಮ್ಮೋರಿದಾರೆ."

ನಮ್ಮವರು ಎಂದರೆ ದೊಡ್ಡಮನೆಯವರು. ಒಮ್ಮೆ ಆ ಮನೆಯಿಂದ ಇಸ್ತ್ರಿಗೆ ಬಂದ ಹಳೆಯ ಮೇಜುವಸ್ತ್ರದ ಅಂಚಿನಲ್ಲಿ ಅಪ್ಪ ಮೂರು ಕೆಂಪು ಹೊಲಿಗೆ ಕಂಡಿದ್ದ. ಎರಡು ನೆಟ್ಟಗೆ, ಒಂದು ಅಡ್ಡ. ಹುಟ್ಟಿದಾಗ ತನ್ನನ್ನು ಸುತ್ತಿದ್ದ ಹಾಸುಬಟ್ಟೆಯಲ್ಲೂ ಅದೇ ಮೂರು! ವಂಶದ ಮುದ್ರೆಯಲ್ಲದೆ ಮತ್ತೇನು? ಅಂದಿನಿಂದ ಅವನ ನಡಿಗೆಯೇ ಬೇರೆಯಾಯಿತು. ಬೀದಿಯವರು 'ದೊರೆ' ಎಂದು ಹೆಸರಿಟ್ಟರು. "ಏನ್ ದೊರೆ, ಕಿರೀಟಕ್ಕೆ ಇಸ್ತ್ರಿ ಆಯ್ತಾ?" ಎಂದು ಯಾರಾದರೂ ಕಿಚಾಯಿಸಿದರೆ ಗಂಭೀರವಾಗಿ ತಲೆಯಾಡಿಸುತ್ತಿದ್ದ.

ಬಾಗಿಲು ತೆರೆದವಳು ಮನೆಯ ಮುದಿ ಅಡಿಗೆಯವಳು.

"ಯಜಮಾನ್ರನ್ನ ನೋಡ್ಬೇಕಿತ್ತು. ನಾವು... ಸಂಬಂಧಿಕರು," ಎಂದು ಅವಳು ಅಪ್ಪನ ಹಾಸುಬಟ್ಟೆ ಚಾಚಿದಳು.

ಮುದುಕಿ ನಗಲಿಲ್ಲ. ಕೈ ಒರೆಸಿಕೊಂಡು ಅಂಚನ್ನು ಬೆಳಕಿಗೆ ಹಿಡಿದಳು. ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ನಿಮ್ಮಪ್ಪನ ತಾಯಿ ಬಟ್ಟೆ ಒಗೀತಿದ್ಲಾ?"

"ಹೌದು."

"ಈ ಬೀದೀಲಿ ನಾಲ್ಕು ಮನೆ ಬಟ್ಟೆ ಅವಳದೇ, ಮಗಳೇ. ಬೆರಕೆ ಆಗ್ಬಾರ್ದು ಅಂತ ಮನೆಗೊಂದು ಗುರುತು ಹಾಕ್ತಿದ್ಲು, ಈ ಮನೇದು ಈ ಮೂರು ಹೊಲಿಗೆ. ಮಸಿ ಹಾಕಿದ್ರೆ ಇವರಿಗೆ ಆಗ್ತಿರ್ಲಿಲ್ಲ, ಅದಕ್ಕೇ ದಾರ."

ಅವಳ ಮುಖ ಸುಟ್ಟಂತಾಯಿತು. ಬುದ್ಧಿ ಬಂದಾಗಿನಿಂದ ಅವಳೂ ಅಪ್ಪನೂ ಗಿರಾಕಿಗಳ ಬಟ್ಟೆಗೆ ಮಸಿಯಲ್ಲಿ ಹಾಕುತ್ತ ಬಂದದ್ದು ಅಂಥದೇ ಗುರುತು.

"ಹಾಗಾದ್ರೆ ಇದು ನಮ್ಮತ್ರ ಹೇಗೆ..."

"ಕೂಸು ಹುಟ್ಟಿದಾಗ ಸುತ್ತೋಕೆ ಒಂದು ಚಿಂದಿನೂ ಇರ್ಲಿಲ್ಲ ಪಾಪ. ಈ ಮನೆಯವ್ರು ಒಗೆಯೋಕೆ ಕೊಟ್ಟಿದ್ದನ್ನೇ ಸುತ್ತಿದ್ಲು. ಕಳ್ಳಿ ಅಂತ ಓಡಿಸಿದ್ರು. ಆಮೇಲೆ ಯಾರ ಮನೇಲೂ ಕೆಲಸ ಸಿಗ್ಲಿಲ್ಲ."

"ಯಾರೇ ಅದು ಹಿಂದುಗಡೆ?" ಒಳಗಿನಿಂದ ಯಜಮಾನಿಯ ದನಿ.

ಮುದುಕಿ ಹಾಸುಬಟ್ಟೆಯನ್ನು ಸರಸರ ಮಡಚಿ ಅವಳ ಶಾಲಿನೊಳಗೆ ತುರುಕಿದಳು. "ಯಾರಿಲ್ಲಮ್ಮ, ಹಾಲಿನವಳು!"

"ಒಗೆಯೋ ಕೆಲಸನಾದ್ರೂ ಸಿಗುತ್ತಾ, ಅಜ್ಜಿ? ಬಾಗ್ಲ ಹೊರಗೆ ಮಲಗೋಕೆ ಜಾಗ ಕೊಟ್ರೂ ಸಾಕು."

"ಇರೋಳನ್ನೇ ಬಿಡಿಸ್ತಿದಾರೆ, ತಾಯಿ." ಮುದುಕಿ ಒಳಗೆ ಹೋಗಿ ಊಟದ ಒಂದು ಬಿಸಿ ಗಂಟು ತಂದಳು. "ನನ್ನ ಪಾಲಿಂದು. ನಂಗೆ ಹೊಟ್ಟೆ ಸರಿಯಿಲ್ಲ ಇವತ್ತು."

ಮುದುಕಿಯ ಹೊಟ್ಟೆ ಹಸಿದು ಗುರುಗುಟ್ಟಿದ್ದು ಇಬ್ಬರಿಗೂ ಕೇಳಿಸಿತು.

ಅವಳು ಅಂಗಡಿಗೆ ಮರಳಿದಾಗ ಅಪ್ಪ ಕಟ್ಟಿಟ್ಟ ಸಾಮಾನಿನ ಮೇಲೆ ಕೂತಿದ್ದ. ಎಡಗೈಯಲ್ಲೇ ಗಡ್ಡ ಹೆರೆದುಕೊಂಡು ಗಲ್ಲವನ್ನು ಅಲ್ಲಲ್ಲಿ ಕೊಯ್ದುಕೊಂಡಿದ್ದ. ಬೆಂಕಿಗೆ ಸಿಗದೆ ಉಳಿದ ಒಂದೇ ಅಂಗಿಯನ್ನು ತೊಟ್ಟಿದ್ದ.

"ಬಟ್ಟೆ ತೋರಿಸಿದ್ಯಾ?"

"ತೋರಿಸ್ದೆ."

"ಗುರುತು ಹಿಡಿದ್ರಾ?"

"ನೋಡ್ತಿದ್ದ ಹಾಗೇ ಹಿಡಿದ್ರು, ಅಪ್ಪ."

"ಹೇಳ್ಲಿಲ್ವಾ ನಾನು! ಕರುಳ ಸಂಬಂಧ ಎಲ್ಲಿ ಹೋಗುತ್ತೆ!" ಅವನು ಎಡಗೈಯಿಂದ ಅಂಗಿಯ ಕಾಲರು ಸರಿಮಾಡಿಕೊಂಡ. "ಯಾವಾಗ ಬರೋಕೆ ಹೇಳಿದ್ರು? ನಾಳೇನಾ?"

ಹೊರಗೆ ಕಟ್ಟಡದ ಯಜಮಾನ ಹೊಸ ಬೀಗವನ್ನು ತಿರುವಿ ತಿರುವಿ ನೋಡುತ್ತಿದ್ದ. ಅವಳು ಹಾಸುಬಟ್ಟೆಯನ್ನು ಅಪ್ಪನ ಮಡಿಲಿಗೆ ಹರಡಿ, ಹೊಲಿಗೆಯಿದ್ದ ಅಂಚನ್ನು ಒಳಕ್ಕೆ ಮಡಚಿದಳು. ಗಂಟು ಬಿಚ್ಚಿದಳು. ಇನ್ನೂ ಆರದ ಊಟವನ್ನು ಅವನ ಎಡಗೈಗೆ ಕೊಟ್ಟಳು.